ಸೀನರಿ ಗಾಡಿಯ ಟ್ಯಾಬು

ತುಮಕೂರು ಸೀಮೆಯಲ್ಲಿ ಸುಗ್ಗಿ ಮುಗಿದು ಕಣ ಖಾಲಿಯಾದರೆ ಊರೂರಲ್ಲಿ ಕುರುಕ್ಷೇತ್ರ ಶುರುವಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಮುಂಗಾರು ಹಿಡಿಯುವ ತನಕ ಗುಬ್ಬಿ, ಕುಣಿಗಲ್ ಕಡೆ ರಾತ್ರಿ ಹೊರಟರೆ ಎಲ್ಲೋ ಒಂದು ಊರಿನಿಂದ ಹಾರ್ಮೋನಿಯಂ ಕೇಳಿಸಿಯೇ ಕೇಳಿಸುತ್ತದೆ. ದುರ್ಯೋಧನ ಹಗಲು ಹೊತ್ತು ತೆಂಗಿನಕಾಯಿ ವ್ಯಾಪಾರಿ, ಕೃಷ್ಣ ಪೀಣ್ಯದ ಕಾರ್ಖಾನೆಯಲ್ಲಿ ಟರ್ನರ್, ಧರ್ಮರಾಯ ಹಾಲಿನ ಡೈರಿಯ ಕಾರ್ಯದರ್ಶಿ. ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಇವರಿಗೆ ಮಾತು, ಹಾಡು ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಪರದೆ, ಸೈಡ್‌ವಿಂಗು, ಸಿಂಹಾಸನ, ಕಿರೀಟ, ಗದೆ, ಲೈಟು, ಮೈಕು ಇವಿಷ್ಟನ್ನೂ ಬಾಡಿಗೆಗೆ ಹೊತ್ತು ತರುವುದು ಸೀನರಿ ಗಾಡಿ. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ವರ್ಷಗಳಲ್ಲಿ ನಾನು ಅಂಥದೊಂದು ಗಾಡಿ ಹತ್ತಿದೆ. ಸೇರಿದ್ದು ಲೈಟಿಂಗ್ಸ್ ನೋಡಿಕೊಳ್ಳಲು, ಲೆಕ್ಕ ಬರೆಯಲು. ಸೀಸನ್ನು ಶುರುವಾದರೆ ಮನೆ ಅಂತ ಇದ್ದದ್ದು ಆ ಗಾಡಿ ಒಂದೇ.

ಹಳೆಯ ಸ್ವರಾಜ್ ಮಜ್ದಾ ವ್ಯಾನು. ಮುಚ್ಚಿದ ಬಾಡಿ, ಹಿಂದೆ ಎರಡು ಬಾಗಿಲು. ಮೇಲಿನ ಕ್ಯಾರಿಯರ್‌ನಲ್ಲಿ ಕಬ್ಬಿಣದ ಪೈಪುಗಳು, ಸುತ್ತಿದ ಪರದೆಗಳು, ಅವುಗಳ ಮೇಲೊಂದು ಟಾರ್ಪಾಲು. ಒಳಗೆ ಒಂದು ಮಗ್ಗುಲಿಗೆ ಕಿರೀಟ, ಭುಜಕೀರ್ತಿಗಳ ಟ್ರಂಕುಗಳು, ಇನ್ನೊಂದು ಮಗ್ಗುಲಿಗೆ ಸ್ಪೀಕರು, ವೈರಿನ ಸುರುಳಿ. ನಡುವೆ ಉಳಿದ ಜಾಗದಲ್ಲಿ ಮಡಿಸಿದ ಸೀನಿನ ಬಟ್ಟೆ ಹಾಸಿಕೊಂಡರೆ ಮೂವರು ಮಲಗಬಹುದಿತ್ತು. ಕಾಡಿನ ಸೀನಿಗಿಂತ ದರ್ಬಾರ್ ಸೀನಿನ ಬಟ್ಟೆ ದಪ್ಪ. ಹಾಗಾಗಿ ದರ್ಬಾರ್ ಯಾರಿಗೆ, ಕಾಡು ಯಾರಿಗೆ ಅಂತ ಸೈಡ್‌ವಿಂಗಿನ ಹುಡುಗರಿಬ್ಬರಿಗೂ ದಿನಾ ಜಗಳ. ಡ್ರೈವರಣ್ಣ ಮುಂದಿನ ಸೀಟಿನಲ್ಲೇ ಕಾಲು ಮಡಿಸಿ ಮಲಗುತ್ತಿದ್ದ. ಹಿಂಬಾಗಿಲ ಹತ್ತಿರ ಚಿಕ್ಕ ಗ್ಯಾಸ್ ಸ್ಟೌವು, ಒಂದು ಪಾತ್ರೆ, ರಾಗಿಹಿಟ್ಟಿನ ಡಬ್ಬ. ಊಟವನ್ನು ನಾಟಕದ ಊರಿನವರೇ ಹಾಕುತ್ತಿದ್ದರು. ನಮ್ಮ ಅಡುಗೆ ಏನಿದ್ದರೂ ಎರಡು ಊರುಗಳ ನಡುವಿನ ಹೊತ್ತಿಗೆ.

ಗಾಡಿಯ ಗಡಿಯಾರ ಲೋಕದ ಗಡಿಯಾರಕ್ಕೆ ತಿರುಗುಮುರುಗು. ಮಧ್ಯಾಹ್ನ ಮೂರರ ಹೊತ್ತಿಗೆ ಊರು ಸೇರಿ ಪೈಪು ನಿಲ್ಲಿಸಬೇಕು. ಹತ್ತು ಗಂಟೆಗೆ ಶುರುವಾದ ನಾಟಕ ಬೆಳಗಿನ ಜಾವ ಭೀಮ ದುರ್ಯೋಧನನ ತೊಡೆ ಮುರಿದ ಮೇಲೆಯೇ ಮುಗಿಯುವುದು. ಸೂರ್ಯ ಹುಟ್ಟುವಾಗ ಪರದೆ ಬಿಚ್ಚಿ, ಗಂಟು ಕಟ್ಟಿ, ಎಣಿಸಿ, ಗಾಡಿಗೆ ತುಂಬಿ ಮುಂದಿನ ಊರಿಗೆ. ಎಂಟರಿಂದ ಎರಡರವರೆಗೆ ಎಲ್ಲಾದರೂ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಮಲಗಿದರೆ ಅದೇ ನಮ್ಮ ರಾತ್ರಿ.

ಇಂಥ ಗಾಡಿಗೆ ಯಜಮಾನರು ಒಂದು ಟ್ಯಾಬು ತಂದರು. ಸಿಮ್ ಹಾಕುವಂಥದ್ದು, ಹತ್ತಿಂಚಿನದು, ಯಾರೋ ಬಳಸಿ ಬಿಟ್ಟದ್ದು. ಬಾಡಿಗೆಯ ಲೆಕ್ಕ ಬರೆಯಲಿಕ್ಕೆ ಅಂತ ಅವರ ಮನಸ್ಸಿನಲ್ಲಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟು ಅಗ್ಗವಾದ ಮೇಲೆ ಅದಕ್ಕೆ ಬೇರೆಯೇ ಕೆಲಸ ಸಿಕ್ಕಿತು. ಲೆಕ್ಕ ಕಡೆಯತನಕ ನೋಟ್‌ಬುಕ್ಕಿನಲ್ಲೇ ಉಳಿಯಿತು.

ಮೊದಲ ಕೆಲಸ ದಾರಿ ಹೇಳುವುದು. ಅದಕ್ಕೆ ಮುಂಚೆ ನಮಗೆ ದಾರಿ ಹೇಳುತ್ತಿದ್ದದ್ದು ನಾಟಕದ ಕರಪತ್ರ. ಅದರಲ್ಲಿ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಇಷ್ಟೂ ಇರುತ್ತದೆ. ಆಮೇಲೆ "ಶ್ರೀ ಆಂಜನೇಯಸ್ವಾಮಿ ದೇವಸ್ಥಾನದ ಮುಂಭಾಗದ ಭವ್ಯ ರಂಗಮಂಟಪದಲ್ಲಿ" ಅಂತ ಇನ್ನೊಂದು ಸಾಲು. ಈ ಹೋಬಳಿ ಎಷ್ಟು ದೊಡ್ಡ ಉಪಕಾರ ಅನ್ನುವುದು ಟ್ಯಾಬು ಬಂದ ಮೇಲೆ ಗೊತ್ತಾಯಿತು. ನಮ್ಮ ಜಿಲ್ಲೆಯಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ, ಗೊಲ್ಲರಹಟ್ಟಿಗಳಿಗೂ ಇಲ್ಲ. ಗುಬ್ಬಿ ತಾಲ್ಲೂಕಿನವರು ಚೇಳೂರು ಹೋಬಳಿ, ಕಡಬ ಹೋಬಳಿ, ನಿಟ್ಟೂರು ಹೋಬಳಿ, ಹಾಗಲವಾಡಿ ಹೋಬಳಿ ಅಂತ ಬಿಡಿಸಿ ಹೇಳುತ್ತಾರೆ. ಕುಣಿಗಲ್ಲಿನವರಿಗೆ ಅಮೃತೂರು, ಯಡಿಯೂರು, ಹುಲಿಯೂರುದುರ್ಗ, ಹುತ್ರಿದುರ್ಗ, ಕೊತ್ತಗೆರೆ ಇವೆ. ಟ್ಯಾಬಿನ ಮ್ಯಾಪಿಗೆ ಹೋಬಳಿಯ ಗೊಡವೆ ಇಲ್ಲ. ಊರ ಹೆಸರು ಬರೆದರೆ ಅದೇ ಹೆಸರಿನ ಇನ್ನಾವುದೋ ಊರಿನ ಮೇಲೆ ಕೆಂಪು ಗುರುತು ಊರುತ್ತಿತ್ತು. ಆದ್ದರಿಂದ ಕರಪತ್ರ ನೋಡಿ ಹೋಬಳಿ ಹಿಡಿಯುವುದು, ಮ್ಯಾಪಿನಲ್ಲಿ ಹೋಬಳಿ ಕೇಂದ್ರವನ್ನು ಹುಡುಕುವುದು, ಅಲ್ಲಿಂದ ಸುತ್ತಮುತ್ತ ಬೆರಳಾಡಿಸಿ ಊರು ಪತ್ತೆ ಮಾಡುವುದು, ಇದು ನನ್ನ ಕೆಲಸವಾಯಿತು.

"ಲೊಕೇಶನ್ ಕಳ್ಸಿಬಿಡಿ" ಅನ್ನುವ ಮಾತೂ ಆಗಲೇ ಹಳ್ಳಿಗೆ ಬಂದಿತ್ತು. ಒಂದು ಸಲ ಕುಣಿಗಲ್ ತಾಲ್ಲೂಕಿನ ಊರೊಂದರ ನಾಟಕಕ್ಕೆ ಅವರು ಕಳಿಸಿದ ಲೊಕೇಶನ್ ತೆರೆದರೆ ಬೆಂಗಳೂರಿನ ಪೀಣ್ಯ ತೋರಿಸಿತು. ಕಳಿಸಿದವನು ಆ ಊರಿನ ಅರ್ಜುನ. ಪಾಳಿ ಮುಗಿಸಿ ಬಾಡಿಗೆ ಮನೆಯಲ್ಲಿ ಕೂತು, ತಾನಿದ್ದ ಜಾಗವನ್ನೇ ಒತ್ತಿ ಕಳಿಸಿದ್ದ. ಡ್ರೈವರಣ್ಣ ನಕ್ಕು, "ಅರ್ಜುನಪ್ಪ ಪೀಣ್ಯದಾಗೆ ಕುಂತವ್ನೆ, ನಾವು ಓಗಿ ಕರ್ಕಂಬರಾನ?" ಅಂದ. ಹಾಗೆ ನೋಡಿದರೆ ಆ ಗುರುತಿನಲ್ಲಿ ಒಂದು ನಿಜವೂ ಇತ್ತು. ನಮ್ಮ ಸೀಮೆಯ ಪೌರಾಣಿಕ ನಾಟಕದ ಪಾತ್ರಧಾರಿಗಳಲ್ಲಿ ಎಷ್ಟೋ ಮಂದಿ ಸಂಬಳಕ್ಕೆ ಬೆಂಗಳೂರಿನವರು, ಬಣ್ಣಕ್ಕೆ ಮಾತ್ರ ಊರಿನವರು.

ಹೆದ್ದಾರಿಯ ನಂಬರುಗಳದ್ದು ಇನ್ನೊಂದು ಫಜೀತಿ. ಡ್ರೈವರಣ್ಣನ ತಲೆಯಲ್ಲಿ 48 ಅಂದರೆ ನೆಲಮಂಗಲದಿಂದ ಕುಣಿಗಲ್, ಯಡಿಯೂರು ಹಾದು ಹಾಸನ, ಮಂಗಳೂರಿಗೆ ಹೋಗುವ ರಸ್ತೆ. ತುಮಕೂರಿನದು 4. ಸರ್ಕಾರ 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಕುಣಿಗಲ್ ರಸ್ತೆ 75 ಆಯಿತು. ಬಿಟ್ಟುಹೋದ 48 ತುಮಕೂರಿನ ರಸ್ತೆಗೆ ಬಂತು. ಟ್ಯಾಬು ನೋಡಿಕೊಂಡು ನಾನು "48 ಹಿಡೀಬೇಕಣ್ಣ" ಅಂದರೆ ಅವನ ಕೈ ಕುಣಿಗಲ್ ಕಡೆಗೇ ತಿರುಗುತ್ತಿತ್ತು. ಕೊನೆಗೆ ನಂಬರು ಬಿಟ್ಟು ಹಳೆಯ ಹೆಸರುಗಳಿಗೇ ಮರಳಿದೆವು. ಬಿ.ಎಚ್. ರಸ್ತೆ, ಗುಬ್ಬಿ ಗೇಟು, ಹೆಬ್ಬೂರು ಮೇಲಾಸಿ ಕುಣಿಗಲ್ ರಸ್ತೆ, ಸಿರಾ ರಸ್ತೆ. ಮ್ಯಾಪಿನ ನಂಬರನ್ನು ಈ ಹೆಸರುಗಳಿಗೆ ಬದಲಾಯಿಸಿ ಡ್ರೈವರಣ್ಣನಿಗೆ ಹೇಳುವವನು ಎಡಗಡೆ ಸೀಟಿನಲ್ಲಿ ಕೂತವನು. ಸೈಡ್‌ವಿಂಗಿನ ಮರೆಯಲ್ಲಿ ನಿಂತು ಪಾತ್ರಧಾರಿಗೆ ಮುಂದಿನ ಮಾತು ಎತ್ತಿಕೊಡುವ ಪ್ರಾಂಪ್ಟರಿನದೇ ಕೆಲಸ ಅದು. ಬೇಗ ಹೇಳಿದರೆ ಮರೆಯುತ್ತಾನೆ, ತಡವಾಗಿ ಹೇಳಿದರೆ ತಿರುವು ದಾಟಿಹೋಗಿರುತ್ತದೆ.

2018ರಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳಲು ಶುರುಮಾಡಿದಾಗ ನನ್ನ ಕೆಲಸ ಹೋಯಿತು ಅಂತ ಹುಡುಗರು ರೇಗಿಸಿದರು. ಟ್ಯಾಬಿನ ಹೆಂಗಸು ಶಾಲೆಯ ಪುಸ್ತಕ ಓದುವಂತೆ ಎಡಕ್ಕೆ ತಿರುಗಿ ಅಂದರೆ ಡ್ರೈವರಣ್ಣ "ಆಯ್ತು ಕಣಮ್ಮ, ತಿರುಗ್ತೀನಿ" ಅಂತ ಗೌರವದಿಂದ ಉತ್ತರ ಕೊಡುತ್ತಿದ್ದ. ಆದರೆ ಆ ತಾಯಿಗೆ ನಮ್ಮ ಗಾಡಿಯ ತಲೆಯ ಮೇಲಿನ ಪೈಪು ಕಾಣುತ್ತಿರಲಿಲ್ಲ. ಮ್ಯಾಪು ಕಾರಿನ ವೇಗ ನೋಡಿಕೊಂಡು ದಾರಿ ಆರಿಸುತ್ತದೆ. ಜೋತುಬಿದ್ದ ಕರೆಂಟಿನ ತಂತಿ, ರಸ್ತೆಗೆ ಬಾಗಿದ ಹಲಸಿನ ಕೊಂಬೆ, ರೈಲ್ವೆ ಹಳಿಯ ಕೆಳಗಿನ ತಗ್ಗು ಅಂಡರ್‌ಪಾಸು ಅದರ ಲೆಕ್ಕಕ್ಕೆ ಬರುವುದಿಲ್ಲ. ತುಮಕೂರಿನಿಂದ ಗುಬ್ಬಿ, ನಿಟ್ಟೂರು ಕಡೆಗೆ ರಸ್ತೆಯ ಜೊತೆಜೊತೆಗೇ ರೈಲು ಹಳಿಯೂ ಓಡುತ್ತದೆ. ಹಳಿಯಾಚೆಯ ಊರಿಗೆ ಅಡ್ಡದಾರಿ ಹಿಡಿದರೆ ಅಂಡರ್‌ಪಾಸಿನ ಮುಂದೆ ನಿಂತು, ಒಬ್ಬ ಮೇಲೆ ಹತ್ತಿ, ಪೈಪಿಗೂ ಸಿಮೆಂಟಿಗೂ ನಡುವೆ ಎಷ್ಟು ಗೇಣು ಉಳಿದಿದೆ ನೋಡಿ ಹೇಳಬೇಕು. ಹೇಮಾವತಿ ನಾಲೆಯ ಏರಿಯೂ ಹಾಗೆಯೇ. ಮ್ಯಾಪಿನಲ್ಲಿ ನೇರವಾದ ಚಂದದ ಗೆರೆ, ನೆಲದ ಮೇಲೆ ಒಂದು ಕಡೆ ನೀರು, ಇನ್ನೊಂದು ಕಡೆ ಜಾರು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೀಗಾಗಿ ಅಮ್ಮ ಹೇಳಿದ ಮೇಲೂ ನನ್ನ ಪ್ರಾಂಪ್ಟರ್ ಕೆಲಸ ಉಳಿಯಿತು.

ಸಿಗ್ನಲ್ಲು ಹೋದರೆ ಟ್ಯಾಬು ಕುರುಡಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಒಂದು ಬೆಳಗ್ಗೆ ಆ ನಂಬಿಕೆ ಹೋಯಿತು. ಮೊಬೈಲುಗಳಲ್ಲಿ ಗೆರೆಯೇ ಇಲ್ಲ, ಟ್ಯಾಬಿನ ನೀಲಿ ಚುಕ್ಕೆ ಮಾತ್ರ ಗಾಡಿಯ ಜೊತೆ ನಡೆಯುತ್ತಿದೆ. ಜಿಪಿಎಸ್‌ಗೆ ಇಂಟರ್‌ನೆಟ್ಟು ಬೇಕಿಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕರೆ ಸಾಕು, ತಾನೆಲ್ಲಿದ್ದೇನೆ ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ. ಇಂಟರ್‌ನೆಟ್ಟು ಬೇಕಾಗುವುದು ಚುಕ್ಕೆಯ ಕೆಳಗಿನ ನಕ್ಷೆಗೆ. ಆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಅಂದಿನಿಂದ ತುಮಕೂರಿಗೆ ಹೋದಾಗಲೆಲ್ಲ ಒಳ್ಳೆಯ ಸಿಗ್ನಲ್ಲಿದ್ದ ಕಡೆ ನಿಂತು ಇಡೀ ಜಿಲ್ಲೆಯ ನಕ್ಷೆ ಇಳಿಸಿಕೊಳ್ಳುವುದು ಡೀಸೆಲ್ ಹಾಕಿಸಿದಷ್ಟೇ ಖಾಯಂ ಆಯಿತು. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಇವೆರಡರ ನಡುವೆ ಅಲೆದಾಡುತ್ತಿದ್ದ ನಮ್ಮ ಹಳೆಯ ಟ್ಯಾಬು ಮಾತ್ರ ಅಮೆರಿಕದ ಉಪಗ್ರಹಗಳನ್ನು ನಂಬಿಕೊಂಡು ಹಾಗಲವಾಡಿ ಹುಡುಕುತ್ತಿತ್ತು.

ದಾರಿ ಗೊತ್ತಿದ್ದರೂ ದಾರಿ ಕೇಳುವುದನ್ನು ಯಜಮಾನರು ಬಿಡಗೊಡಲಿಲ್ಲ. ಊರು ಎರಡು ಮೈಲಿ ಇದೆ ಅನ್ನುವಾಗ ಗಾಡಿ ನಿಲ್ಲಿಸಿ, ಅರಳಿಕಟ್ಟೆಯ ಮೇಲೆ ಕೂತವರನ್ನು ಕೇಳಬೇಕು. "ಟ್ಯಾಬು ತೋರಿಸ್ತಿದೆಯಲ್ಲ ಯಜಮಾನ್ರೆ" ಅಂದರೆ, "ನಿನಗೆ ತೋರಿಸ್ತದೆ, ಅವ್ರಿಗೆ ನಾವು ಬಂದಿದ್ದು ಯಾರು ತೋರಿಸ್ತಾರೆ?" ಅನ್ನುತ್ತಿದ್ದರು. ಅವರ ಮಾತಿನ ಬೆಲೆ ಕಟ್ಟೆಯ ಹತ್ತಿರ ನಿಂತಾಗ ತಿಳಿಯುತ್ತಿತ್ತು. "ಏನ್ ಸ್ವಾಮಿ, ಕುರುಕ್ಷೇತ್ರನಾ? ಈ ಸಲ ಶಕುನಿ ಯಾರು ಮಾಡ್ತಾವ್ರೆ?" ಅಂತ ಒಬ್ಬರು ಕೇಳುವರು. ಇನ್ನೊಬ್ಬರು, "ಓದ್ಸಲ ಮೈಕು ಕೀಚ್ ಅಂತಿತ್ತು, ಈ ಸಲ ನೆಟ್ಟಗೆ ಆಕಿ" ಅನ್ನುವರು. ಹೆಂಗಸರು ಚಾಪೆ ಹಾಸಿ ಜಾಗ ಹಿಡಿಯುವುದು ಎಷ್ಟೊತ್ತಿಗೆ ಅಂತ ಲೆಕ್ಕ ಹಾಕುವರು. ಕೇಳುವ ನೆಪದಲ್ಲಿ ಸುತ್ತಲ ನಾಲ್ಕು ಊರಿಗೆ ಸುದ್ದಿ ಹೋಗುತ್ತಿತ್ತು. ದಾರಿ ಕೇಳದೆ ಸದ್ದಿಲ್ಲದೆ ಊರು ಸೇರಿದ್ದರೆ ನಮ್ಮದು ಸಾಮಾನು ಸಾಗಿಸುವ ಇನ್ನೊಂದು ಗಾಡಿ ಆಗಿಬಿಡುತ್ತಿತ್ತು.

ಟ್ಯಾಬಿನ ಎರಡನೇ ಕೆಲಸ ನಮ್ಮನ್ನು ನಗಿಸುವುದು. ಊರಿಗೆಲ್ಲ ರಾತ್ರಿಯಿಡೀ ಮನರಂಜನೆ ಹೊತ್ತು ತರುವವರಿಗೆ ತಮ್ಮದು ಅಂತ ಒಂದು ಮನರಂಜನೆ ಬೇಡವೇ? ಏಪ್ರಿಲ್ ಬಿಸಿಲಿಗೆ ಗಾಡಿಯ ತಗಡು ಕಾದು ಹನ್ನೊಂದು ಗಂಟೆಗೇ ಎಚ್ಚರವಾಗುತ್ತಿತ್ತು. ಆಮೇಲೆ ನಿದ್ದೆಯಿಲ್ಲ, ಕೆಲಸವೂ ಇಲ್ಲ. ಸೈಡ್‌ವಿಂಗಿನ ಹುಡುಗ ಬಾಡಿಯ ಕಂಬಿಗೆ ಪರದೆ ಕಟ್ಟುವ ಹಗ್ಗ ಇಳಿಬಿಟ್ಟು, ಅದರ ಕುಣಿಕೆಗೆ ಟ್ಯಾಬು ಸಿಕ್ಕಿಸುತ್ತಿದ್ದ. ಕೆಳಗೆ ದರ್ಬಾರಿನ ಮೇಲೆ ಇಬ್ಬರು, ಕಾಡಿನ ಮೇಲೆ ಒಬ್ಬ, ಟ್ರಂಕಿನ ಮೇಲೆ ಡ್ರೈವರಣ್ಣ.

ಏನು ನೋಡಬೇಕು ಅನ್ನುವುದಕ್ಕೆ ಚುನಾವಣೆಯೇ ನಡೆಯುತ್ತಿತ್ತು. ಹುಡುಗರಿಗೆ ಐಪಿಎಲ್ಲು, ಡ್ರೈವರಣ್ಣನಿಗೆ ಅಣ್ಣಾವ್ರ ಬಬ್ರುವಾಹನ, ಮಯೂರ. ಹಾರ್ಮೋನಿಯಂ ಮೇಷ್ಟ್ರು ಜೊತೆಗಿದ್ದ ದಿನ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು. ಮೇಷ್ಟ್ರು ಕೇಳುತ್ತಿದ್ದದ್ದು ಬೇರೆ ಊರಿನ ಕುರುಕ್ಷೇತ್ರ. ಆ ಹೊತ್ತಿಗಾಗಲೇ ತುಮಕೂರು, ಮಂಡ್ಯ, ಬೆಂಗಳೂರು ಗ್ರಾಮಾಂತರದ ಹಳ್ಳಿ ನಾಟಕಗಳನ್ನು ರಾತ್ರಿಯಿಂದ ಬೆಳಗಿನವರೆಗೆ ಚಿತ್ರಿಸಿ ಯೂಟ್ಯೂಬಿಗೆ ಏರಿಸುವುದು ಒಂದು ಕಸುಬಾಗಿತ್ತು. ನಿನ್ನೆ ರಾತ್ರಿ ಕಣ್ಣಾರೆ ನೋಡಿದ ನಾಟಕವನ್ನೇ ಇವತ್ತು ಮಧ್ಯಾಹ್ನ ಬೇರೆ ಊರಿನವರ ಬಾಯಲ್ಲಿ ನೋಡುವುದು ಯಾವ ಸುಖ ಅಂತ ನನಗೆ ಮೊದಮೊದಲು ಬೇಸರ. ಮೇಷ್ಟ್ರು ಒಂದು ಕಂದವನ್ನು ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ಕೇಳಿಸಿ, "ನೋಡಪ್ಪಾ, ಇಲ್ಲಿ ಉಸಿರು ತಗೊಂಡ, ಅದಕ್ಕೇ ಮೇಲಕ್ಕೆ ಏರಕ್ಕಾಗಲಿಲ್ಲ" ಅಂತ ತೋರಿಸಿದ ಮೇಲೆ ನನಗೂ ಕಿವಿ ಬಂತು. ಪರದೆ ಹುಡುಗರೂ ಬಿಡುತ್ತಿರಲಿಲ್ಲ. "ನೋಡು, ಅವ್ರ ರಥದ ಸೀನು ಹೆಂಗೆ ಸುಕ್ಕಾಗೈತೆ" ಅಂತ ಅವರ ವಿಮರ್ಶೆ. ಆಚೆ ಊರಿನ ಲೈಟಿಂಗ್ಸ್‌ನವನು ವಸ್ತ್ರಾಪಹರಣಕ್ಕೆ ಕೆಂಪು ಬೆಳಕನ್ನು ಒಂದೇ ಸಲ ಬಿಡದೆ ಮೆಲ್ಲಗೆ ತಂದದ್ದನ್ನು ನೋಡಿ ನಾನೂ ಕಲಿತೆ.

ಒಂದು ಮಧ್ಯಾಹ್ನ ಗುಬ್ಬಿಯ ಹೊರಗೆ ಗಾಡಿ ನಿಂತಿದ್ದಾಗ ಮೇಷ್ಟ್ರು ಬೇಡರ ಕಣ್ಣಪ್ಪ ಹಾಕಿಸಿದರು. 1954ರ ಚಿತ್ರ. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ. ತೆಗೆದವರಲ್ಲಿ ಗುಬ್ಬಿ ವೀರಣ್ಣನವರೂ ಒಬ್ಬರು. ನಾವು ನಿಂತ ನೆಲದಲ್ಲಿ 1884ರಲ್ಲಿ ಹುಟ್ಟಿದ್ದು ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ನಾಡು ಸುತ್ತಿದ ಕಂಪನಿ. ಅವರ ಕುರುಕ್ಷೇತ್ರದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ಸಿನಿಮಾ ಬಂದಾಗ ಹೆದರಿ ಕೂರದೆ ವೀರಣ್ಣನವರು ತಾವೇ ಸಿನಿಮಾ ತೆಗೆದರು, ಟಾಕೀಸು ಕಟ್ಟಿದರು. ಹುಡುಗನಾಗಿದ್ದಾಗ ರಂಗನಿರ್ದೇಶಕ ಬಿ.ವಿ. ಕಾರಂತರು ಬಂದು ಸೇರಿದ್ದೂ ಇದೇ ಕಂಪನಿಗೆ, ಆಮೇಲೆ ಅವರನ್ನು ಕಾಶಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಆ ಚಿತ್ರ ನೋಡುವಾಗ ಮೇಷ್ಟ್ರು ನಮಗೆ ತೋರಿಸಿದ್ದು ರಾಜ್‌ಕುಮಾರರ ನಿಲುವನ್ನು. "ಈ ನಿಲುವು ಕ್ಯಾಮೆರಾಗೆ ಕಲ್ತದ್ದಲ್ಲ, ಕಡೇ ಸಾಲಿನ ಪ್ರೇಕ್ಷಕನಿಗೆ ಕಾಣ್ಲಿ ಅಂತ ಕಲ್ತದ್ದು" ಅಂದರು. ರಾಜ್‌ಕುಮಾರ್ ಬೆಳೆದದ್ದೂ ಗುಬ್ಬಿ ಕಂಪನಿಯಲ್ಲೇ. ನಾಟಕದಿಂದ ಸಿನಿಮಾಕ್ಕೆ ಹೋದ ಆ ನಿಲುವು ಟ್ಯಾಬಿನ ಹತ್ತಿಂಚಿಗೆ ಇಳಿದು, ನಾಟಕದ ಗಾಡಿಯೊಳಗೆ ಮತ್ತೆ ಬಂದಿತ್ತು.

ಎರಡು ಕೆಲಸಕ್ಕೂ ಇದ್ದದ್ದು ಒಂದೇ ಬ್ಯಾಟರಿ. ಅದಕ್ಕೇ ದಾರಿಗೂ ಸಿನಿಮಾಕ್ಕೂ ವೈರ. ಗಾಡಿಯ ಸಿಗರೇಟ್ ಸಾಕೆಟ್ಟಿಗೆ ಹಾಕುವ ಅಗ್ಗದ ಚಾರ್ಜರು ಕೊಡುವ ಕರೆಂಟನ್ನು, ಮ್ಯಾಪು ಓಡುವಾಗ ಟ್ಯಾಬಿನ ದೊಡ್ಡ ಪರದೆಯೇ ತಿಂದುಹಾಕುತ್ತದೆ. ಗಾಜಿನ ಮುಂದೆ ಬಿಸಿಲಿಗಿಟ್ಟರೆ ಕಾದು ಚಾರ್ಜು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ನಾಟಕದ ರಾತ್ರಿ ಜನರೇಟರ್ ಓಡುವಾಗ ತುಂಬಿಸಿಕೊಳ್ಳೋಣ ಅಂದರೆ ಯಜಮಾನರಿಗೆ ಒಂದೊಂದು ಪ್ಲಗ್ಗೂ ಲೈಟಿಂಗ್ಸಿಗೇ ಬೇಕು. ಕಡೆಗೆ ಅರ್ಧ ಚಾರ್ಜು ದಾರಿಯದು, ಮಿಕ್ಕರ್ಧ ಎಲ್ಲರದು ಅಂತ ಕಾನೂನಾಯಿತು. ಕ್ಲೈಮ್ಯಾಕ್ಸಿನಲ್ಲಿ ಅರ್ಧಕ್ಕಿಳಿದರೂ ನಿಲ್ಲಿಸಲೇಬೇಕು. ಮಯೂರ ಚಿತ್ರದ ಕೊನೆಯನ್ನು ನಾವು ಆ ಸೀಸನ್ನಿನಲ್ಲಿ ಡ್ರೈವರಣ್ಣನ ಬಾಯಲ್ಲೇ ಕೇಳಿದೆವು. ಅವನು ಹೇಳಿದ ಕೊನೆಯಲ್ಲಿ ಕುದುರೆಗಳು ಜಾಸ್ತಿ ಇದ್ದವು.

2020ರ ಮಾರ್ಚಿನಲ್ಲಿ, ಜಾತ್ರೆಗಳ ನಡುವಿನಲ್ಲಿ, ಲಾಕ್‌ಡೌನ್ ಬಂತು. ಒಪ್ಪಿಕೊಂಡ ನಾಟಕಗಳೆಲ್ಲ ನಿಂತವು. ಬಣ್ಣ ಹಚ್ಚಲು ಕಾದಿದ್ದ ಊರುಗಳ ಮುಂಗಡವನ್ನು ಯಜಮಾನರು ಒಂದೊಂದಾಗಿ ವಾಪಸು ಕೊಟ್ಟರು. ಗಾಡಿ ತುಮಕೂರಿನ ಶೆಡ್ಡಿನಲ್ಲಿ ನಿಂತಿತು, ನಾವು ನಮ್ಮ ನಮ್ಮ ಊರಿಗೆ ಹೋದೆವು. ಆ ಬಿಡುವಿನಲ್ಲಿ ಪ್ರತಿಯೊಬ್ಬನೂ ಹೇಗೋ ಒಂದು ಒಳ್ಳೆಯ ಮೊಬೈಲು ಮಾಡಿಕೊಂಡ. ಮತ್ತೆ ಸೀಸನ್ನು ಶುರುವಾದಾಗ ಡ್ರೈವರಣ್ಣನ ಡ್ಯಾಶ್‌ಬೋರ್ಡಿನ ಮೇಲೆ ಅವನದೇ ಮೊಬೈಲು ದಾರಿ ಹೇಳುತ್ತಿತ್ತು. ಎಡಗಡೆ ಸೀಟಿನಲ್ಲಿ ಕೂತವನಿಗೆ ಮಾತಿಲ್ಲ. ಮಧ್ಯಾಹ್ನ ದರ್ಬಾರಿನ ಮೇಲೊಬ್ಬ, ಕಾಡಿನ ಮೇಲೊಬ್ಬ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮಗ್ಗುಲಾದರೆ ಅವರವರ ಲೋಕ ಅವರವರಿಗೆ. ನಕ್ಕರೆ ಯಾಕೆ ನಕ್ಕ ಅಂತ ಪಕ್ಕದವನಿಗೆ ಗೊತ್ತಾಗುತ್ತಿರಲಿಲ್ಲ. ಟ್ಯಾಬನ್ನು ಮೇಷ್ಟ್ರು ತೆಗೆದುಕೊಂಡರು. ತಾಲೀಮಿನ ಮನೆಯಲ್ಲಿ ಶ್ರುತಿ ಹಿಡಿಯಲು, ಹೊಸ ದುರ್ಯೋಧನರಿಗೆ ಹಳೆಯ ದುರ್ಯೋಧನರನ್ನು ತೋರಿಸಲು ಅದು ಚೆನ್ನಾಗಿ ಒದಗಿತು.

ಮೊಬೈಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಾರಿ ಹೇಳುವುದರಲ್ಲಿ, ಸಿನಿಮಾ ತೋರಿಸುವುದರಲ್ಲಿ ಅದು ನಮ್ಮ ಹಳೆಯ ಟ್ಯಾಬಿಗಿಂತ ಎಷ್ಟೋ ವಾಸಿ. ಆದರೆ ಟ್ಯಾಬಿಗೆ ಒಬ್ಬ ಒಡೆಯ ಅಂತ ಇರಲಿಲ್ಲ. ಅದನ್ನು ಒಬ್ಬ ಹಿಡಿದರೆ ಇನ್ನೊಬ್ಬನಿಗೆ ಓದಿ ಹೇಳಬೇಕಿತ್ತು, ಒಬ್ಬ ನೋಡಿದರೆ ನಾಲ್ವರೂ ನೋಡಬೇಕಿತ್ತು, ಚಾರ್ಜಿಗಾಗಿ ಜಗಳವಾಡಿ ರಾಜಿಯಾಗಬೇಕಿತ್ತು. ತಗಡಿನ ಡಬ್ಬದಂಥ ಜಾಗದಲ್ಲಿ ತಿಂಗಳುಗಟ್ಟಲೆ ಒಬ್ಬರ ಮೈಗೆ ಒಬ್ಬರು ತಾಗಿಕೊಂಡು ಬಾಳಿದವರು ಬೇಸರ ಬಂದು ಓಡಿಹೋಗದಿದ್ದದ್ದಕ್ಕೆ ಈ ರಾಜಿಗಳೂ ಕಾರಣ.

ಈಗ ನನಗೆ ತುಮಕೂರಿನಲ್ಲಿ ಕುರ್ಚಿಯ ಕೆಲಸ. ಗಾಡಿ ಕಟ್ಟಿಸುವ ಹೊಸಬರು, ನಾಟಕದವರಾಗಲಿ, ಮಕ್ಕಳು ಮರಿ ಕಟ್ಟಿಕೊಂಡು ವ್ಯಾನಿನಲ್ಲೇ ಊರೂರು ತಿರುಗುವ ಆಸೆಯವರಾಗಲಿ, ಆಗಾಗ ಬಂದು ಟ್ಯಾಬು ತಗೊಳ್ಳೋಣವೇ ಅಂತ ಕೇಳುತ್ತಾರೆ. ತಗೊಳ್ಳಿ ಅನ್ನುತ್ತೇನೆ. ಸಿಮ್ಮು, ಜಿಪಿಎಸ್ಸು ಎರಡೂ ಇರಲಿ. ಚಾರ್ಜರಿಗೆ ದುಡ್ಡು ಉಳಿಸಬೇಡಿ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಗಾಡಿಯ ಎತ್ತರ ಅಳೆದು ಸ್ಟೀರಿಂಗಿನ ಮುಂದೆ ಬರೆದಿಡಿ. ಕುಣಿಗಲ್ಲಿನ ಹೊಸಹಳ್ಳಿಯೋ ಗುಬ್ಬಿಯ ಹೊಸಹಳ್ಳಿಯೋ, ಹೋಬಳಿ ಕೇಳಿಕೊಂಡೇ ಹೊರಡಿ. ಮತ್ತೆ, ಗಾಡಿಯಲ್ಲಿ ಎಷ್ಟೇ ಜನ ಇರಲಿ, ಟ್ಯಾಬು ಒಂದೇ ಕೊಳ್ಳಿ.